ಸೋಸಣ್ಣನೂ ಮಾತು ನಿಂತ ಲ್ಯಾಪ್‌ಟಾಪೂ

ಬೇಡದ ವಸ್ತು ಒಂದು ಮನೆಯಲ್ಲಿದ್ದರೆ ನನ್ನ ಮೈದುನನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಆಗಲೇ ಒಂದು ದಿನ ಮಾವನವರ ಗೋಡೆ ಗಡಿಯಾರವನ್ನು ಇಳಿಸಿ, ಚಾಪೆಯ ಮೇಲೆ ಬಿಚ್ಚಿ ಹರವಿಕೊಂಡು ಕೂತ. ಮತ್ತೆ ಜೋಡಿಸಿ ಗೋಡೆಗೆ ತೂಗುಹಾಕಿದ. ಗಡಿಯಾರವೇನೋ ಓಡಿತು, ಆದರೆ ಅವನ ಅಂಗೈಯಲ್ಲಿ ಎರಡು ಸ್ಕ್ರೂ, ಒಂದು ತಗಡಿನ ಚೂರು ಉಳಿದೇ ಇದ್ದವು.

"ಇವನ್ನ ಹಾಕೋದು ಮರೆತೆಯಲ್ಲೋ" ಎಂದೆ.

"ಮರೆತಿಲ್ಲ ಅತ್ತಿಗೆ. ಓಡ್ತಿದೆ ತಾನೇ? ಅಂದ್ಮೇಲೆ ಇವು ಬೇಡವೇ ಬೇಡ" ಎಂದ.

ಮಾವನವರು ಅವನ ಕಿವಿ ಹಿಂಡಿದರು. ಗಡಿಯಾರ ಮಾತ್ರ ಮಾವನವರಿಗಿಂತ ಹೆಚ್ಚು ಕಾಲ ಬಾಳಿತು.

ದೊಡ್ಡವನಾದ ಮೇಲೂ ಆ ಬುದ್ಧಿ ಹೋಗಲಿಲ್ಲ. ಹೊಸ ಅಂಗಿ ತಂದರೆ ಮೊದಲು ಕಾಲರಿನ ಹಿಂದಿನ ಚೀಟಿಯನ್ನು ಬ್ಲೇಡಿನಿಂದ ಬಿಡಿಸಿ ತೆಗೆಯುವನು. ಅವನ ಕೋಣೆಯಲ್ಲಿ ಒಂದು ಮಂಚ, ಒಂದು ಗೂಟ, ಒಂದು ಚೊಂಬು, ಅಷ್ಟೇ ಸಂಸಾರ. ಸೊಪ್ಪು ಸೋಸು ಎಂದು ಕೊಟ್ಟರೆ, ಒಂದು ಕಟ್ಟು ಹೋಗಿ ಒಂದು ಹಿಡಿ ವಾಪಸು ಬರುತ್ತಿತ್ತು. ಬುಟ್ಟಿಯಲ್ಲಿ ಬಿದ್ದದ್ದನ್ನು ನಾನು ಅವನು ನೋಡದಾಗ ಮತ್ತೆ ಹೆಕ್ಕಿ ಸಾರಿಗೆ ಹಾಕುತ್ತಿದ್ದೆ. "ಇವನ ಕೈಗೆ ನನ್ನನ್ನು ಕೊಟ್ಟರೂ ಎಲುಬು ಮಾತ್ರ ಇರಲಿ ಅಂತಾನೆ" ಎಂದು ನಗುತ್ತ ನಮ್ಮ ಯಜಮಾನರೇ ಅವನಿಗೆ ಸೋಸಣ್ಣ ಎಂದು ಹೆಸರಿಟ್ಟರು. ಬೀದಿಯಲ್ಲಿ ಆ ಹೆಸರೇ ನಿಂತುಬಿಟ್ಟಿತು.

ಮದುವೆ ಮಾಡೋಣ ಎಂದು ನಾವು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ್ದೂ ಉಂಟು. "ಹೆಂಡತಿ ಬಂದ್ರೆ ಅವಳ ಟ್ರಂಕೂ ಬರುತ್ತೆ ಅತ್ತಿಗೆ" ಎಂದು ಕೈಮುಗಿದುಬಿಟ್ಟ.

ಮೊದಲು ರೇಡಿಯೋ, ಆಮೇಲೆ ಟೀವಿ, ಕಡೆಗೆ ಕಂಪ್ಯೂಟರ್. ಕಾಲ ಬದಲಾದ ಹಾಗೆ ಅವನ ಮೇಜಿನ ಮೇಲಿನ ವಸ್ತು ಬದಲಾಯಿತು, ಸ್ಕ್ರೂಡ್ರೈವರ್ ಅದೇ ಇತ್ತು. ನಮ್ಮ ಮನೆಯ ಮುಂದಿನ ಕೋಣೆಯೇ ಅವನ ರಿಪೇರಿ ಅಂಗಡಿ. ಬೀದಿಗೆ ತೆರೆದ ಬಾಗಿಲು, ಗೋಡೆಗೆ ಒಂದು ಉದ್ದನೆ ಮೇಜು, ಹಲಗೆಯ ಮೇಲೆ ಜನ ಬಿಟ್ಟುಹೋದ ಯಂತ್ರಗಳು. ಒಳಬಾಗಿಲ ಪಕ್ಕದಲ್ಲಿ ನನ್ನ ಕುರ್ಚಿ. ಯಜಮಾನರು ಹೋದ ಮೇಲೆ ಮಧ್ಯಾಹ್ನದ ಹೊತ್ತು ನಾನು ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುವುದು, ಹರಿದ ದಿಂಬಿಗೆ ಹೊಲಿಗೆ ಹಾಕುವುದು ಮಾಡುತ್ತಿದ್ದೆ. ಬರುವವರು ಹೋಗುವವರ ಮಾತು ಕಿವಿಗೆ ಬೀಳುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಬರುವವರದೆಲ್ಲ ಒಂದೇ ದೂರು. ಕಂಪ್ಯೂಟರ್ ನಿಧಾನ. ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ಹೊಸದು ಕೊಳ್ಳಲು ಯಾರಿಗೂ ಮನಸ್ಸಿಲ್ಲ. ಆಗ ನನ್ನ ಮೈದುನ ಹೊಸ ವಿದ್ಯೆ ಕಲಿತ. ಕಂಪ್ಯೂಟರಿನೊಳಗಿನ ವಿಂಡೋಸನ್ನೇ ತೆಳ್ಳಗೆ ಮಾಡುವುದು.

"ಅದೇನೋ ಹಾಗಂದ್ರೆ?" ಎಂದು ಕೇಳಿದ್ದಕ್ಕೆ ಸ್ಕ್ರೂಡ್ರೈವರ್ ಕೆಳಗಿಟ್ಟು ವಿವರಿಸಿದ.

"ಒಂದು ಬಾಡಿಗೆ ಮನೆಗೆ ಹೋದ್ವಿ ಅಂತ ಇಟ್ಕೊಳ್ಳಿ. ಓನರು ತನ್ನ ಬೀರು, ತನ್ನ ಸೋಫಾ, ಅವನಜ್ಜನ ಫೋಟೋ ಎಲ್ಲ ಅಲ್ಲೇ ಬಿಟ್ಟಿದ್ದಾನೆ. ನಾವು ಮೈ ಚಾಚೋದೆಲ್ಲಿ? ವಿಂಡೋಸೂ ಹಾಗೇನೇ. ಆಟ, ಹವಾಮಾನ, ಜಾಹೀರಾತು, ಯಾರೂ ಮುಟ್ಟದ ಸಾಮಾನು ರಾಶಿ ರಾಶಿ. ಅದನ್ನೆಲ್ಲ ಹೊರಗೆ ಹಾಕಿದ್ರೆ ಹಳೇ ಯಂತ್ರಾನೂ ಓಡುತ್ತೆ."

"ವಿಂಡೋಸ್ ಮಾಡಿದವರೇ ಅದಕ್ಕೆ ಬಾಗಿಲು ಇಟ್ಟಿದ್ದಾರಾ?"

"ಅವರೆಲ್ಲಿ ಇಡ್ತಾರೆ? ಬೇರೆ ಒಬ್ಬರು ಟೂಲ್ ಮಾಡಿ ಇಂಟರ್ನೆಟ್ಟಲ್ಲಿ ಹಾಕಿದ್ದಾರೆ. ಬಿಟ್ಟಿ. ಪುಣ್ಯಾತ್ಮ."

"ಯಾವ ಊರು? ಯಾರ ಮಗ?"

"ಗೊತ್ತಿಲ್ಲ ಅತ್ತಿಗೆ. ಮುಖಾನೂ ನೋಡಿಲ್ಲ."

"ಮುಖ ನೋಡದವನ ಕೈಗೆ ಊರವರ ಕಂಪ್ಯೂಟರ್ ಕೊಡ್ತೀಯಲ್ಲೋ!"

"ನೀವು ದಿನಾ ಕುಕ್ಕರ್ ಇಡ್ತೀರಲ್ಲ, ಅದನ್ನ ಮಾಡಿದವನ ಮುಖ ನೋಡಿದ್ದೀರಾ?"

ಆವತ್ತಿನಿಂದ ಆ ಕಾಣದ ಮನುಷ್ಯ ನಮ್ಮ ಮನೆಯಲ್ಲಿ "ಗುರುಗಳು" ಆದ. ಗುರುಗಳು ಹೊಸದು ಹಾಕಿದ್ದಾರೆ, ಗುರುಗಳು ಹೀಗೆ ಹೇಳಿದ್ದಾರೆ ಎಂದು ಊಟದ ತಟ್ಟೆಯ ಮುಂದೆಯೂ ಅದೇ ಪುರಾಣ.

ಮೊದಮೊದಲು ಅವನು ಬಂದವರನ್ನೆಲ್ಲ ಕೂರಿಸಿ ಕೇಳುತ್ತಿದ್ದ. ಪ್ರಿಂಟ್ ತೆಗೀತೀರಾ? ಮಕ್ಕಳು ಆಟ ಆಡ್ತಾರಾ? ಬೇರೆ ಭಾಷೆ ಬರೀತೀರಾ? ಕೇಳಿ ಕೇಳಿ, ಒಂದೊಂದನ್ನೇ ಆರಿಸಿ ತೆಗೆಯುತ್ತಿದ್ದ. ಜನ ಹೆಚ್ಚಾದರು. ಆಗ ಗುರುಗಳು ಆ ಟೂಲಿನಲ್ಲಿ ಒಂದೇ ಗುಂಡಿ ಇಟ್ಟರು. ಅದನ್ನು ಒತ್ತಿದರೆ ಅವರ ಲೆಕ್ಕದಲ್ಲಿ ಬೇಡದ್ದೆಲ್ಲ ಒಟ್ಟಿಗೇ ಹೋಗುತ್ತದೆ. ಮೈದುನ ಕೇಳುವುದನ್ನು ಬಿಟ್ಟ. ಬಂದವರು ಯಂತ್ರ ಕೊಟ್ಟು ಹೋಗುತ್ತಿದ್ದರು, ಇವನು ಗುಂಡಿ ಒತ್ತುತ್ತಿದ್ದ. ಯಾರೂ ದೂರು ಹೇಳಿಕೊಂಡು ಬಂದದ್ದಿಲ್ಲ. ಸೋಸಣ್ಣನ ಕೈಗುಣ ಎಂದು ಹೊಗಳುತ್ತಲೇ ಹೋದರು.

ಅವನ ಅಂಗಡಿಯ ಇನ್ನೊಂದು ರೂಢಿಯನ್ನೂ ಇಲ್ಲಿ ಹೇಳಬೇಕು. ನಮ್ಮ ಯಜಮಾನರು ಕೊನೆಯ ಕಾಲದಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿರುತ್ತಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಸಣ್ಣ ಸದ್ದಾದರೂ ಮೈಯೆಲ್ಲ ಬೆಚ್ಚಿ ನಡುಗುತ್ತಿತ್ತು. ಕಂಪ್ಯೂಟರುಗಳೋ, ಆನ್ ಮಾಡಿದರೆ ಸಾಕು, ಟಿಂಗ್ ಎನ್ನುತ್ತವೆ, ಟಣ್ ಎನ್ನುತ್ತವೆ. ಮೈದುನ ಮೇಜಿನ ಮೇಲಿನ ಸ್ಪೀಕರುಗಳನ್ನು ಕಿತ್ತು ಅಟ್ಟಕ್ಕೆ ಹಾಕಿದ. ಯಾರ ಯಂತ್ರ ಬರಲಿ, ಹೊಸಿಲು ದಾಟುತ್ತಲೇ ಅದರ ದನಿ ಮುಚ್ಚುವುದು ಅವನ ಮೊದಲ ಕೆಲಸವಾಯಿತು. ಹೊರಗೆ ಕಳಿಸುವಾಗ ಮತ್ತೆ ತೆರೆಯುತ್ತಿದ್ದ. ಯಜಮಾನರು ಹೋದರು. ರೂಢಿ ಉಳಿಯಿತು. ಅಂಗಡಿಯಲ್ಲಿ ಎಲ್ಲವೂ ಕಣ್ಣಿನ ಪರೀಕ್ಷೆ. ಪರದೆ ಬಂತಾ, ಬಾಣ ಓಡಿತಾ, ಫೈಲು ತೆರೆಯಿತಾ, ಮುಗಿಯಿತು.

ನಮ್ಮ ಹಿಂದಿನ ಗಲ್ಲಿಯಲ್ಲಿ ಒಬ್ಬ ಟೆಲಿಫೋನ್ ಆಪರೇಟರ್ ಇದ್ದರು. ದೊಡ್ಡ ಆಸ್ಪತ್ರೆಯೊಂದರ ಫೋನ್ ಬೋರ್ಡಿನಲ್ಲಿ ಕೆಲಸ. ಹುಟ್ಟಿನಿಂದಲೇ ಕಣ್ಣಿಲ್ಲ. ಆದರೆ ಯಾವ ಡಾಕ್ಟರು ಯಾವ ವಾರ್ಡಿನಲ್ಲಿದ್ದಾರೆ, ಯಾರಿಗೆ ಈಗ ಕೋಪ ಬಂದಿದೆ, ಯಾರು ಊಟಕ್ಕೆ ಹೋಗಿದ್ದಾರೆ ಎಂಬುದು ಅವರ ನಾಲಗೆಯ ತುದಿಯಲ್ಲಿ. ಮನೆಯಲ್ಲಿ ಅವರ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು. ಅವರು ಒತ್ತಿದ ಅಕ್ಷರವನ್ನು, ಬೆರಳು ನಿಂತ ಸಾಲನ್ನು ಒಂದು ಹೆಣ್ಣು ದನಿ ಓದಿ ಹೇಳುತ್ತಿತ್ತು. ಎಷ್ಟು ವೇಗವಾಗಿ ಓದಿಸಿಕೊಳ್ಳುತ್ತಿದ್ದರೆಂದರೆ, ನನ್ನ ಕಿವಿಗೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ಅವರಿಗೆ ಮಾತ್ರ ಒಂದೊಂದು ಅಕ್ಷರವೂ ಬಿಡಿಬಿಡಿ. ಅವರ ಹೆಂಡತಿ ಆ ದನಿಗೆ ಸವತಿ ಎಂದೇ ಹೆಸರಿಟ್ಟಿದ್ದಳು.

ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಅಂಗಡಿಗೆ ಬಂದರು.

"ನನ್ನ ಸವತಿಗೆ ಮೈ ಬಂದಿದೆ ಸೋಸಣ್ಣ. ಸ್ವಲ್ಪ ಇಳಿಸಿಕೊಡು" ಎಂದಳು ಆಕೆ.

"ತಮಾಷೆ ಅಲ್ಲ ಕಣಪ್ಪ" ಎಂದರು ಆಪರೇಟರ್. "ನಾನು 'ಕ' ಒತ್ತಿದ್ರೆ, ಅವಳು ಉಂಡು, ಕೈ ತೊಳ್ಕೊಂಡು, ಎಲೆ ಅಡಿಕೆ ಹಾಕ್ಕೊಂಡು ಆಮೇಲೆ ಬಂದು 'ಕ' ಅಂತಾಳೆ. ಅಷ್ಟರಲ್ಲಿ ನಾನು ಕಾಗುಣಿತ ಮುಗಿಸಿರ್ತೀನಿ. ನಾಡಿದ್ದು ಪರೀಕ್ಷೆ ಇದೆ."

"ಈ ವಯಸ್ಸಲ್ಲಿ ಏನು ಪರೀಕ್ಷೆ ಅಣ್ಣ?"

ಅವರು ಮೇಜಿಗೆ ಒರಗಿ ನಿಂತು ಹೇಳಿದರು. ಆಸ್ಪತ್ರೆಯವರು ಹಳೆಯ ಫೋನ್ ಬೋರ್ಡ್ ತೆಗೆಯುತ್ತಿದ್ದಾರೆ. ಇನ್ನು ಮೇಲೆ ಫೋನು ತಾನಾಗಿಯೇ ಹೋಗುತ್ತದಂತೆ, ಆಪರೇಟರ್ ಬೇಕಿಲ್ಲ. ಡಾಕ್ಟರುಗಳು ಮಾತಿನಲ್ಲಿ ಹೇಳಿಟ್ಟದ್ದನ್ನು ಕೇಳಿ ತಪ್ಪಿಲ್ಲದೆ ಟೈಪ್ ಮಾಡಬಲ್ಲವರಿಗೆ ಬೇರೆ ವಿಭಾಗದಲ್ಲಿ ಕೆಲಸ. ಆಗದವರು ಮನೆಗೆ. ಅವರವರ ಯಂತ್ರವನ್ನು ಅವರವರೇ ತರಬೇಕು.

"ಮನೇಲಿ ಕೂತರೆ ನನ್ನ ಗತಿ ಏನು ಹೇಳಿ ಅಕ್ಕ" ಎಂದು ನನ್ನ ಕಡೆ ತಿರುಗಿದರು. "ಇಡೀ ಆಸ್ಪತ್ರೆ ನನ್ನ ಕಿವೀಲಿತ್ತು. ನಾಳೆಯಿಂದ ಇವಳೊಬ್ಬಳದೇ ದನಿ."

"ಕೇಳೋಕೆ ಕಹಿ ಆಯ್ತಾ ನನ್ನ ದನಿ?" ಎಂದಳು ಹೆಂಡತಿ. ನಗುತ್ತಲೇ ಅಂದಳು, ಆದರೆ ಕಣ್ಣು ನಗಲಿಲ್ಲ.

"ಚಿಂತೆ ಬಿಡಿ ಅಣ್ಣ. ಸಂಜೆ ಹೊತ್ತಿಗೆ ಕುದುರೆ ಮಾಡಿಕೊಡ್ತೀನಿ" ಎಂದ ನನ್ನ ಮೈದುನ.

ಅವನು ಯಂತ್ರವನ್ನು ತೆಗೆದುಕೊಂಡ. ದನಿ ಮುಚ್ಚಿದ. ಅವರ ಬರಹಗಳನ್ನೆಲ್ಲ ಮೊದಲು ಬೇರೆಡೆ ಜೋಪಾನ ಮಾಡಿಟ್ಟ. ಜನರ ಫೋಟೋ, ಕಾಗದಗಳ ವಿಷಯದಲ್ಲಿ ಅವನ ಕೈ ಚಿನ್ನ, ಒಂದು ಚೂರೂ ಕಳೆಯುತ್ತಿರಲಿಲ್ಲ. ಆಮೇಲೆ ಗುರುಗಳ ಗುಂಡಿ ಒತ್ತಿದ. ಊಟ ಮಾಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆನ್ ಮಾಡಿ ನೋಡಿದ, ಚಿಟಿಕೆ ಹೊಡೆಯುವುದರಲ್ಲಿ ಪರದೆ ಬಂತು. ಆಫ್ ಮಾಡಿ ಮತ್ತೆ ಆನ್ ಮಾಡಿದ, ಬರೀ ಸಂತೋಷಕ್ಕೆ.

ಸಂಜೆ ಅವರ ಮನೆಗೆ ಕೊಡಲು ಹೋಗುವಾಗ ನಾನೂ ಜೊತೆಗೆ ಹೋದೆ. ನಾಲ್ಕು ಹೆಜ್ಜೆಯ ದಾರಿ. ಆಪರೇಟರ್ ಕಿಟಕಿಯ ಬಳಿ ಸಣ್ಣ ಮೇಜಿನ ಮುಂದೆ ಕೂತಿದ್ದರು. ಲ್ಯಾಪ್‌ಟಾಪನ್ನು ಎರಡು ಕೈಯಲ್ಲೂ ತೆಗೆದುಕೊಂಡು, ಅಂಚನ್ನು ಸವರಿ, ತೆರೆದು ಗುಂಡಿ ಒತ್ತಿದರು. ಕಿವಿಯನ್ನು ಸ್ವಲ್ಪ ಬಾಗಿಸಿ ಕಾದರು.

"ಇನ್ನೂ ಆನ್ ಆಗಿಲ್ವಾ?" ಎಂದರು.

"ಆಗಲೇ ಆಯ್ತಲ್ಲ ಅಣ್ಣ. ಎಷ್ಟು ಬೇಗ ಬಂತು ನೋಡಿ" ಎಂದ ಮೈದುನ. ಅಂದವನು ನಾಲಗೆ ಕಚ್ಚಿಕೊಂಡ.

"ನಿನಗೆ ಬಂತು. ನನಗೆ ಬಂದಿಲ್ಲ."

ಅವರು ಒಂದು ಅಕ್ಷರ ಒತ್ತಿದರು. ಇನ್ನೊಂದು ಒತ್ತಿದರು. ಬೆರಳು ಗುಂಡಿಗಳ ಮೇಲೆ ಅತ್ತ ಇತ್ತ ಹುಡುಕಿತು. ಮೈದುನ ಮುಂದೆ ಬಾಗಿ ದನಿ ಏರಿಸಿದ. ಟಣ್ ಎಂಬ ಸದ್ದು ಬಂತು, ಸ್ಪೀಕರ್ ಸರಿಯಿತ್ತು. ಮಾತು ಮಾತ್ರ ಇರಲಿಲ್ಲ.

"ಏನ್ರೀ, ಸವತಿ ಮುನಿಸ್ಕೊಂಡ್ಲಾ?" ಎಂದು ಒಳಗಿನಿಂದ ಬಂದಳು ಹೆಂಡತಿ. ಯಾರೂ ನಗದಿದ್ದದ್ದನ್ನು ನೋಡಿ ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಮೈದುನ ನೆಲದ ಮೇಲೆಯೇ ಕೂತು ಏನೇನೋ ತೆರೆದು ನೋಡಿದ. ಅವನ ಕುತ್ತಿಗೆ ಬೆವತದ್ದು ನನಗೆ ಕಾಣುತ್ತಿತ್ತು. ಓದುವ ಪ್ರೋಗ್ರಾಮು ಇದ್ದಲ್ಲೇ ಇತ್ತು, ಅದಕ್ಕೆ ಕಂಠ ಕೊಡುವ ವಿಂಡೋಸಿನ ಭಾಗ ಹೋಗಿತ್ತು. ಅದನ್ನು ಮರಳಿ ತರಿಸೋಣವೆಂದರೆ, ಭಾಗಗಳು ಬರುವ ದಾರಿಯನ್ನೂ ಆ ಗುಂಡಿ ಮುಚ್ಚಿಹಾಕಿತ್ತು. ಬೇರೆ ಕಡೆಯಿಂದ ಒಂದು ದನಿ ಹುಡುಕಿ ಹಾಕಿದ. ಅದು ಬಾಯಿ ತೆರೆದ ಕೂಡಲೇ ಆಪರೇಟರ್ ಕೈ ಎತ್ತಿ ತಡೆದರು.

"ಡಬ್ಬೀಲಿ ಜೀರುಂಡೆ ಹಾಕಿದ ಹಾಗಿದೆ. ಇದರ ಮಾತು ಕಿವಿಗೆ ಒಗ್ಗೋಕೆ ನನಗೆ ತಿಂಗಳುಗಟ್ಟಲೆ ಬೇಕು. ಪರೀಕ್ಷೆ ನಾಡಿದ್ದು."

ಆಮೇಲೆ ಅವರೇ ಕೇಳಿದರು.

"ಅದು ಬೇಡ ಅಂತ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ ಅಣ್ಣ. ಆ ಗುಂಡೀಲಿ ಅದೂ ಸೇರಿತ್ತು."

"ಗುಂಡಿ ಒತ್ತಿದ್ದು ಯಾರು?"

"ನಾನು. ಆದ್ರೆ ಕೊಡೋ ಮೊದಲು ಎಲ್ಲ ನೋಡಿದ್ದೆ ಅಣ್ಣ, ಎಲ್ಲ ಸರಿ ಇತ್ತು."

"ನೋಡಿದೆಯಲ್ಲ, ತಪ್ಪು ಆಗಿದ್ದು ಅಲ್ಲೇ" ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ಮೈದುನನಿಗೆ ಹಗುರವಾಗುತ್ತಿತ್ತೇನೋ. "ನಮ್ಮ ಬೋರ್ಡಿಗೆ ಫೋನ್ ಬಂದ್ರೆ ನಾನು ಮೊದಲು ಕೇಳೋದು ಒಂದೇ ಮಾತು, ನಿಮಗೆ ಯಾರು ಬೇಕು ಅಂತ. ದನಿ ಕೇಳಿದ ಕೂಡಲೇ ಯಾರು ಬೇಕು ಅಂತ ನನಗೆ ಗೊತ್ತಾಗಿರುತ್ತೆ. ಆದ್ರೂ ಕೇಳದೆ ಯಾವತ್ತೂ ಲೈನ್ ಕೊಟ್ಟಿಲ್ಲ."

ಮೈದುನ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಮನೆಗೆ ಬಂದ. ತಟ್ಟೆ ಹಾಕಿದರೆ ಮುಟ್ಟಲಿಲ್ಲ.

"ಹಸಿವನ್ನೂ ಬೇಡದ ಸಾಮಾನು ಅಂತ ತೆಗೆದುಬಿಟ್ಟೆಯೇನೋ?" ಎಂದೆ.

"ಸುಮ್ಮನಿರಿ ಅತ್ತಿಗೆ. ಅವರ ಕೆಲಸ ಹೋದ್ರೆ ನಾನು ಆ ಗಲ್ಲೀಲಿ ಹೇಗೆ ತಿರುಗಾಡಲಿ?"

ಅವನು ಗುರುಗಳಿಗೆ ಬರೆದ. ಬೆಳಿಗ್ಗೆ ನಾನು ಹಾಲು ಕಾಯಿಸುವ ಹೊತ್ತಿಗೆ ಉತ್ತರ ಬಂದಿತ್ತು. ಒಲೆಯ ಪಕ್ಕದಲ್ಲಿ ನಿಂತು ನನಗೆ ತಿಳಿಯುವ ಹಾಗೆ ಹೇಳಿದ. ಆ ಮನುಷ್ಯ ಈ ಟೂಲನ್ನು ಮಾಡಿಕೊಂಡದ್ದು ತನ್ನದೇ ಒಂದು ಹಳೇ ಯಂತ್ರಕ್ಕಂತೆ. ತನಗೆ ಬೇಡದ್ದನ್ನು ಆ ಗುಂಡಿಗೆ ಸೇರಿಸಿದ್ದಂತೆ. ಯಾರಿಗಾದರೂ ಉಪಯೋಗವಾಗಲಿ ಎಂದು ಹಾಗೇ ಹೊರಗೆ ಹಾಕಿದ್ದಂತೆ. ತೆಗೆದದ್ದನ್ನು ಮರಳಿ ತರುವ ದಾರಿ ಇಲ್ಲ, ಪೂರ್ತಿ ವಿಂಡೋಸನ್ನೇ ಹೊಸದಾಗಿ ಹಾಕಿ, ನಿಮ್ಮ ಗೆಳೆಯರಿಗೆ ತೊಂದರೆ ಆದದ್ದಕ್ಕೆ ನನಗೆ ಬೇಸರವಿದೆ ಎಂದು ಬರೆದಿದ್ದನಂತೆ.

"ಒಳ್ಳೇ ಮನುಷ್ಯ ಅತ್ತಿಗೆ" ಎಂದ.

"ಒಳ್ಳೆಯವನೇ ಇರಬಹುದು. ಅವನ ಮೈಯಳತೆಗೆ ಹೊಲಿಸಿಕೊಂಡ ಅಂಗೀನ ನೀನು ಊರಿಗೆಲ್ಲ ತೊಡಿಸಿದೆ" ಎಂದೆ.

ಹಾಲು ಉಕ್ಕಿತು. ಇಬ್ಬರೂ ನೋಡುತ್ತ ನಿಂತಿದ್ದೆವು.

ಪರೀಕ್ಷೆಗೆ ಆ ಒಂದು ಹಗಲು ಮಾತ್ರ ಉಳಿದಿತ್ತು. ಮೈದುನ ಅಂಗಡಿಯ ಉಳಿದ ಕೆಲಸವನ್ನೆಲ್ಲ ಹಲಗೆಗೆ ಸರಿಸಿ, ಪೂರ್ತಿ ವಿಂಡೋಸನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಆಪರೇಟರ್ ದಂಪತಿ ಬಂದರು. "ಇವತ್ತು ರಜೆ ಹಾಕಿದ್ದೀನಿ. ನಾನು ಪಕ್ಕದಲ್ಲೇ ಕೂತಿರ್ತೀನಿ" ಎಂದರು ಆಪರೇಟರ್. ನನ್ನ ಕುರ್ಚಿಯನ್ನು ಅವರಿಗೆ ಕೊಟ್ಟೆ. ನಾವು ಹೆಂಗಸರಿಬ್ಬರೂ ಒಳಬಾಗಿಲ ಹೊಸಿಲ ಮೇಲೆ ಕೂತೆವು.

ಹೊಸದಾಗಿ ಹಾಕಿದ್ದಾಯಿತು. ಓದುವ ಪ್ರೋಗ್ರಾಮನ್ನೂ ಹಾಕಿದ. ಅಭ್ಯಾಸಬಲದಿಂದ ದನಿ ಮುಚ್ಚಲು ಕೈ ಹೋಯಿತು. ಹೋದ ಕೈಯನ್ನು ಹಿಂದೆಳೆದುಕೊಂಡು ದನಿಯನ್ನು ಪೂರ್ತಿ ಏರಿಸಿದ. ಆ ಹೆಣ್ಣು ದನಿ ಗಟ್ಟಿಯಾಗಿ, ಅಂಗಡಿಯ ಗೋಡೆಗಳಿಗೆ ತಾಗುವ ಹಾಗೆ ಮಾತಾಡಿತು.

ನಾನು ತಟ್ಟನೆ ಹಿಂದಿನ ಕೋಣೆಯ ಕಡೆ ತಿರುಗಿದೆ. ಮೈದುನನೂ ತಿರುಗಿದ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಚ್ಚುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಬಂದಳಪ್ಪ ಮಹಾತಾಯಿ" ಎಂದು ಆಪರೇಟರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಸವತಿ ಬಂದದ್ದಕ್ಕೆ ಸಂತೋಷಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು ಅಕ್ಕ."

ಮಾತೇನೋ ಬಂತು. ಆದರೆ ಅದೇ ಹಳೆಯ ನಿಧಾನ. ಬಾಡಿಗೆ ಮನೆಯ ಓನರಿನ ಸಾಮಾನೆಲ್ಲ ಮತ್ತೆ ಬಂದು ಕೂತಿತ್ತಲ್ಲ. ಗುರುಗಳ ಗುಂಡಿಯನ್ನು ಮೈದುನ ಈ ಸಲ ಮುಟ್ಟಲಿಲ್ಲ. ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿ ಕೇಳತೊಡಗಿದ.

"ಇದು ಇಸ್ಪೀಟು ಆಟ. ಹೋಗ್ಲಾ ಅಣ್ಣ?"

"ಹೋಗ್ಲಿ."

"ಇದು ಹವಾಮಾನ ಹೇಳೋದು."

"ಹೋಗ್ಲಿ. ಮಳೆ ಬಂದ್ರೆ ತಲೆ ಹೇಳುತ್ತೆ."

"ಇದು ಫೋಟೋ ಚೆಂದ ಮಾಡೋದು."

"ಇವಳ ಫೋಟೋ ಚೆಂದ ಮಾಡುತ್ತಾ?"

"ನಿಮಗ್ಯಾಕ್ರೀ ಆ ಚಿಂತೆ?" ಎಂದಳು ಹೆಂಡತಿ ಹೊಸಿಲಿನಿಂದ.

"ಹಾಗಾದ್ರೆ ಹೋಗ್ಲಿ."

"ಇದೊಂದು... ಏನು ಮಾಡುತ್ತೆ ಅಂತ ನನಗೂ ಗೊತ್ತಿಲ್ಲ."

"ಗೊತ್ತಿಲ್ಲದ್ದಕ್ಕೆ ಕೈ ಹಾಕಬೇಡ ಮಹರಾಯ" ಎಂದಳು ಆಕೆಯೇ. ಅದು ಉಳಿಯಿತು. ಹಾಗೆ ಎಷ್ಟೋ ಉಳಿದವು. ಬೇಡದ್ದು ಕಣ್ಣ ಮುಂದೆ ಇದ್ದರೂ ಬಿಟ್ಟು ಮುಂದೆ ಹೋಗುವುದನ್ನು ನನ್ನ ಮೈದುನ ಮಾಡಿದ್ದು ಅದೇ ಮೊದಲು. ಅವನ ಕೈಗೆ ತುರಿಕೆ ಹತ್ತಿದ ಹಾಗೆ ಕಾಣುತ್ತಿತ್ತು. ಒಂದನ್ನು ತೆಗೆಯುವುದು, ಆಪರೇಟರ್ 'ಕ' ಒತ್ತುವುದು, ಆ ಸವತಿ 'ಕ' ಎಂದರೆ ಮುಂದಿನದು. ಊಟದ ಹೊತ್ತು ಮೀರಿ ಹೋಯಿತು. ನಾನು ಅನ್ನ ಕಲಸಿ ತಟ್ಟೆಗಳನ್ನು ಅವರ ಕೈಗೇ ಕೊಟ್ಟೆ. ಬಲಗೈಯಲ್ಲಿ ಊಟ, ಎಡಗೈಯಲ್ಲಿ ಕೆಲಸ.

ಎಲ್ಲ ಮುಗಿದ ಮೇಲೆ ಆಪರೇಟರ್ ಒಂದು ಪುಟ ಟೈಪ್ ಮಾಡಿ ನೋಡಿದರು. ಮುಖ ಅರಳಲಿಲ್ಲ.

"ಮೊದಲಿಗಿಂತ ವಾಸಿ. ಎಲೆ ಅಡಿಕೆ ಬಿಟ್ಟಿದ್ದಾಳೆ. ಕೈ ತೊಳೆಯೋದು ಇನ್ನೂ ಬಿಟ್ಟಿಲ್ಲ."

"ನಾಳೆಗೆ ಸಾಲುತ್ತಾ?" ಎಂದಳು ಹೆಂಡತಿ.

ಅವರು ಯಂತ್ರವನ್ನು ಮೈದುನನ ಕಡೆ ಸರಿಸಿದರು.

ಮೈದುನ ಆ ಲ್ಯಾಪ್‌ಟಾಪನ್ನು ಮಗುಚಿ ಹಿಂಭಾಗದ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತ. ಒಳಗಿನ ಹಳೆಯ ಡಿಸ್ಕ್ ಗಿರಗಿರನೆ ತಿರುಗುವುದು ಕೈಗೆ ತಿಳಿಯುತ್ತಿತ್ತಂತೆ. ಅದರ ಬದಲಿಗೆ ಹೊಸ ಬಗೆಯ ಡಿಸ್ಕ್ ಹಾಕಿದರೆ ವೇಗ ಬರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ತೆಗೆಯುವುದು ಅವನ ಹುಟ್ಟುಗುಣ, ಹಾಕುವುದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಪೇಟೆಯ ಅಂಗಡಿಗಳಿಗೆ ಅಂದು ವಾರದ ರಜೆ. ಅವನು ಎದ್ದು, ತನ್ನ ಮೇಜಿನ ಕೆಳಗಿದ್ದ ಸ್ವಂತ ಕಂಪ್ಯೂಟರಿನ ಮುಚ್ಚಳ ಬಿಚ್ಚಿದ. ಅದರೊಳಗಿದ್ದ ಆ ಹೊಸ ಬಗೆಯ ಚಪ್ಪಟೆ ಡಿಸ್ಕನ್ನು ಹೊರಗೆಳೆದ. ಅಂಗಡಿಯ ಕೆಲಸವೆಲ್ಲ ನಡೆಯುತ್ತಿದ್ದದ್ದು ಅದರ ಮೇಲೆಯೇ. ತನ್ನದಕ್ಕೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯದೊಂದನ್ನು ಸಿಕ್ಕಿಸಿದ.

"ಏನು ಸದ್ದು? ಏನು ಬಿಚ್ಚುತ್ತಿದ್ದೀಯ?" ಎಂದರು ಆಪರೇಟರ್.

"ನನ್ನದು ಅಣ್ಣ. ಇದನ್ನ ನಿಮ್ಮದಕ್ಕೆ ಹಾಕ್ತೀನಿ. ಹಾಕ್ಲಾ?"

"ಕೇಳಿದೆಯಲ್ಲ. ಹಾಕು" ಎಂದರು.

ದೀಪ ಹಚ್ಚುವ ಹೊತ್ತಿಗೆ ಒಂದರಲ್ಲಿದ್ದದ್ದೆಲ್ಲ ಇನ್ನೊಂದಕ್ಕೆ ಇಳಿದು ಮುಗಿಯಿತು. ಆಪರೇಟರ್ 'ಕ' ಒತ್ತಿದರು. ಬೆರಳು ಗುಂಡಿಯಿಂದ ಏಳುವ ಮೊದಲೇ ಸವತಿ 'ಕ' ಎಂದಳು. ಅವರು ಒಂದು ಸಾಲು ಹೊಡೆದರು, ಆಮೇಲೆ ಇನ್ನೊಂದು. ಅಂಗಡಿಯ ತುಂಬ ಸಾಸಿವೆ ಸಿಡಿಯಿತು. ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ನೋಡಿದರು.

ಮರುದಿನ ಆಸ್ಪತ್ರೆಗೆ ನಾಲ್ವರೂ ಹೋದೆವು. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೆ ಮನೆಯಲ್ಲಿ ಕೂರಲು ನನಗೆ ಮನಸ್ಸು ಬರಲಿಲ್ಲ. ಉದ್ದನೆಯ ಮೊಗಸಾಲೆ, ಗೋಡೆಗೆ ಒತ್ತಿ ಇಟ್ಟ ಬೆಂಚು, ಫಿನಾಯಿಲಿನ ವಾಸನೆ. ಅಲ್ಲಿ ಹಾದುಹೋಗುವ ಪ್ರತಿಯೊಬ್ಬರೂ ಆಪರೇಟರನ್ನು ನಿಲ್ಲಿಸಿ ಮಾತಾಡಿಸುವವರೇ. ಅವರ ಮುಖ ಹೆಚ್ಚಿನವರು ನೋಡಿರಲಿಲ್ಲ, ದನಿ ಕೇಳಿ ತಿರುಗಿದವರೇ ಎಲ್ಲ. "ಓಹೋ, ನೀವೇನಾ ಅವರು?" ಎಂದು ಒಬ್ಬ ನರ್ಸಮ್ಮ ಕೈ ಹಿಡಿದುಕೊಂಡು ಕುಲುಕಿದಳು.

ಕರೆ ಬಂದಾಗ ಲ್ಯಾಪ್‌ಟಾಪ್ ಹಿಡಿದು ಒಳಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು. ಡಾಕ್ಟರೊಬ್ಬರ ಗೊಗ್ಗರು ದನಿಯ ಮಾತು ಯಂತ್ರದಿಂದ ಬರುತ್ತಿತ್ತು, ಅದರ ಬೆನ್ನಿಗೇ 'ಸವತಿ'ಯ ದನಿ, ಅದರ ಬೆನ್ನಿಗೇ ಬೆರಳಿನ ಸದ್ದು. ಮೈದುನ ಬೆಂಚಿನ ಮೇಲೆ ಕೂರದೆ ಗೋಡೆಗೆ ಒರಗಿ ನಿಂತಿದ್ದ. ಇದ್ದಕ್ಕಿದ್ದ ಹಾಗೆ ಆ ಹೆಣ್ಣು ದನಿ ನಿಂತುಹೋಯಿತು. ಮೈದುನ ಗೋಡೆ ಬಿಟ್ಟು ಬಾಗಿಲ ಕಡೆ ಹೆಜ್ಜೆ ಇಟ್ಟ. ಆಪರೇಟರ ಹೆಂಡತಿ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು.

ಒಳಗಿನಿಂದ ಪರೀಕ್ಷೆ ನಡೆಸುತ್ತಿದ್ದ ಸಾಹೇಬರ ಮಾತು ಕೇಳಿತು. "ಇಯರ್‌ಫೋನ್ ಕಿವಿಗೆ ಹಾಕ್ಕೊಂಡ್ರಾ? ಹಾಂ, ಹಾಗೆ ಮಾಡಿ. ಪಕ್ಕದ ಕೋಣೇಲಿ ಮೀಟಿಂಗ್ ಇದೆ."

ಮತ್ತೆ ಬೆರಳಿನ ಸದ್ದು ಶುರುವಾಯಿತು. ಮೈದುನ ಬೆಂಚಿಗೆ ಕುಸಿದ.

ಹೊರಗೆ ಬಂದಾಗ ಆಪರೇಟರ ಅಂಗಿ ಬೆನ್ನಿಗೆ ಅಂಟಿತ್ತು.

"ಕೇಳಿಸ್ತಾ ಅಣ್ಣ ಎಲ್ಲ?" ಎಂದ ಮೈದುನ.

"ಕೇಳಿಸ್ತು. ಡಾಕ್ಟರೇ ತಡವರಿಸ್ತಿದ್ರು, ನಾನು ಕಾಯಬೇಕಾಯ್ತು."

ಕೆಲಸ ಉಳಿಯಿತು ಎಂಬ ಸುದ್ದಿ ಆ ವಾರ ಕಳೆಯುವುದರೊಳಗೆ ಬಂತು. ಈಗ ಅವರು ಅದೇ ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ಡಾಕ್ಟರುಗಳ ಮಾತನ್ನು ಬರಹಕ್ಕೆ ಇಳಿಸುತ್ತಾರೆ. ಹಳೇ ಸ್ನೇಹದವರು ದಾರಿ ತಪ್ಪಿಸಿಕೊಂಡ ಫೋನುಗಳನ್ನು ಇವತ್ತಿಗೂ ಅವರಿಗೇ ತಿರುಗಿಸುತ್ತಾರಂತೆ.

ಸೋಸಣ್ಣ ತೆಳ್ಳಗೆ ಮಾಡುವುದನ್ನು ಬಿಟ್ಟಿಲ್ಲ. ಗುರುಗಳ ಟೂಲನ್ನೂ ಬಿಟ್ಟಿಲ್ಲ, ಒಂದೊಂದನ್ನೇ ಆರಿಸಿ ತೆಗೆಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎನ್ನುತ್ತಾನೆ. ಅವನ ಸ್ವಂತ ಕಂಪ್ಯೂಟರ್ ಈಗ ಬೀದಿಗೆಲ್ಲ ನಿಧಾನ. ಅದು ಏಳುವವರೆಗೆ ಬಂದವರ ಜೊತೆ ಮಾತಾಡದೆ ಅವನಿಗೆ ವಿಧಿಯಿಲ್ಲ. ಏನು ಕೆಲಸ ಮಾಡ್ತೀರಿ, ಮನೇಲಿ ಯಾರಿದ್ದಾರೆ, ಇದರಲ್ಲಿ ಯಾರು ಯಾರು ಏನೇನು ಮಾಡ್ತೀರಿ ಎಂದು ಸಂಬಂಧ ಬೆಳೆಸುವವನ ಹಾಗೆ ಕೇಳುತ್ತಾನೆ. "ಹೆಣ್ಣು ನೋಡೋಕೆ ಕೂತಿದ್ದೀಯೋ, ಕಂಪ್ಯೂಟರ್ ರಿಪೇರಿಗೋ?" ಎಂದು ದರ್ಜಿಯೊಬ್ಬ ರೇಗಿಸಿದ.

ಮೊನ್ನೆ ಬೆಳಿಗ್ಗೆ ಆಪರೇಟರ್ ಕೋಲು ತಟ್ಟುತ್ತ ಅವಸರದಲ್ಲಿ ಬಂದರು. ಆಸ್ಪತ್ರೆಯವರು ಏನೋ ಹೊಸದನ್ನು ತುಂಬಿಸಿದ ಮೇಲೆ ಲ್ಯಾಪ್‌ಟಾಪ್ ಮತ್ತೆ ಎಳೆಯುತ್ತಿದೆಯಂತೆ. ಮೇಜಿನ ಮೇಲಿಟ್ಟರು.

"ನೀವು ಪಕ್ಕದಲ್ಲಿ ಕೂರಲ್ವಾ?" ಎಂದ ಮೈದುನ.

"ಇವತ್ತು ಆಗಲ್ಲ, ಡ್ಯೂಟಿಗೆ ಹೊತ್ತಾಯ್ತು. ಮಧ್ಯಾಹ್ನದ ಹೊತ್ತಿಗೆ ಮಾಡಿಡು, ಇವಳು ಬಂದು ತಗೊಂಡು ಹೋಗ್ತಾಳೆ."

"ನನ್ನ ಕೈಗೆ ಹೀಗೇ ಬಿಟ್ಟು ಹೋಗ್ತೀರಾ?"

"ಇನ್ಯಾರ ಕೈಗೆ ಬಿಡಲಿ?" ಎನ್ನುತ್ತ ಅವರು ಆಗಲೇ ಮೆಟ್ಟಿಲು ಇಳಿದು ಬೀದಿಗೆ ಹೋಗಿಯಾಗಿತ್ತು.

ಮೈದುನ ಲ್ಯಾಪ್‌ಟಾಪನ್ನು ತೆರೆದು ಆನ್ ಮಾಡಿ ನೋಡಿದ. ಆಮೇಲೆ ಅದನ್ನು ತೆರೆದ ಹಾಗೇ ಎರಡು ಕೈಯಲ್ಲಿ ಎತ್ತಿಕೊಂಡು ಅವರ ಹಿಂದೆಯೇ ಓಡಿದ. ಬೀದಿಯ ತಿರುವಿನಲ್ಲಿ ಹಿಡಿದು ನಿಲ್ಲಿಸಿದ್ದು ನನ್ನ ಕುರ್ಚಿಯಿಂದ ಕಾಣುತ್ತಿತ್ತು.

"ಲೋ, ಬಸ್ಸು ಹೋಗುತ್ತೆ ಕಣೋ!" ಎನ್ನುತ್ತಿದ್ದರು ಆಪರೇಟರ್.

"ಇನ್ನೊಂದು ಬಸ್ಸು ಬರುತ್ತೆ ಅಣ್ಣ. ಇದೊಂದು ಹೊಸ ಹೆಸರು ಕಾಣ್ತಿದೆ. ಇರ್ಲಾ, ಹೋಗ್ಲಾ? ಹೇಳಿ ಹೋಗಿ."